ಈಟಿ, ಕೊಂತ, ಶಕ್ತಿ: ಆಯುಧನಾಮಗಳ ಅರ್ಥವಿಚಾರ

ಪ್ರಾಚೀನ ಕಾವ್ಯಗಳಿಗೆ ಬರೆದ ಟಿಪ್ಪಣಿಗಳಲ್ಲಿ ‘ಒಂದು ಬಗೆಯ ಆಯುಧ’ ಎಂಬ ವಿವರಣೆಯು ವಾಚಕರಿಗೆ ಪದೇ ಪದೇ ಎದುರಾಗುವುದು. ಕೊಂತ, ಪ್ರಾಸ, ತೋಮರ, ಶಕ್ತಿ, ಶೂಲ ಇವೆಲ್ಲಕ್ಕೂ ಇದೊಂದೇ ಉತ್ತರ. ಕೆಲವರು ಎಲ್ಲವನ್ನೂ ‘ಈಟಿ’ ಎಂದು ಹೇಳಿ ಮುಗಿಸಿಬಿಡುವರು. ಇದರಿಂದ ನಷ್ಟವಾಗುವುದು ಆಯುಧಜ್ಞಾನವೊಂದೇ ಅಲ್ಲ. ಎಷ್ಟೋ ವೇಳೆ ಕವಿಯ ಅಭಿಪ್ರಾಯವೇ ಕೈಬಿಟ್ಟು ಹೋಗುವುದು.

ಹಿಂದಿನವರ ಸಾಕ್ಷ್ಯವೂ ಏಕರೂಪವಾಗಿಲ್ಲ. ಅಮರಸಿಂಹನು ಪ್ರಾಸ, ಕುಂತಗಳನ್ನು ಪರ್ಯಾಯಪದಗಳೆಂದು ಹೇಳಿ ತೋಮರವನ್ನು ಬೇರೆಯಾಗಿ ಇರಿಸಿದನು. ಕೌಟಿಲ್ಯನಾದರೋ ಮೊನೆಯುಳ್ಳ ಆಯುಧಗಳನ್ನು ಎಣಿಸುವಾಗ ಶಕ್ತಿ, ಪ್ರಾಸ, ಕುಂತ, ಶೂಲ, ತೋಮರಗಳನ್ನು ಬಿಡಿಬಿಡಿಯಾಗಿ ಹೆಸರಿಸಿದ್ದಾನೆ. ಪದ್ಯರಚನೆಗೆ ನೆರವಾಗುವ ಕೋಶಕಾರನಿಗೆ ಎರಡು ಪದಗಳು ಒಂದಾದರೆ ಅನುಕೂಲ. ಆಯುಧಾಗಾರವನ್ನು ಕಾಯುವವನಿಗೆ ಹಾಗಾಗದು. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಪ್ರಕಟಿಸಿದ ಮೇಲೆ ಈ ಭೇದವನ್ನು ಮರೆಯಲು ಕಾರಣವಿಲ್ಲ.

ಕನ್ನಡದಲ್ಲಿ ಈ ಪದಗಳು ತಮ್ಮದೇ ದಾರಿ ಹಿಡಿದಿವೆ. ಕುಂತವು ಕೊಂತವಾಯಿತು. ಭಲ್ಲವು ಸಂಸ್ಕೃತದಲ್ಲಿ ಬಾಣವಿಶೇಷ. ಕನ್ನಡದ ಭಲ್ಲೆಯು ಈಟಿ. ಈಟಿಯೆಂಬುದು ದೇಶ್ಯ, ತಮಿಳಿನ ಈಟ್ಟಿ, ತೆಲುಗಿನ ಈಟೆ ಅದರ ಒಡಹುಟ್ಟುಗಳು. ಶೂಲವು ಶಿವನ ಕೈಯ ಆಯುಧವೂ ಅಹುದು, ಅಪರಾಧಿಯನ್ನೇರಿಸುವ ಮರಣಸಾಧನವೂ ಅಹುದು. ಹೊಟ್ಟೆಶೂಲೆಯಲ್ಲಿ ಅದೇ ಇರಿತವು ವ್ಯಾಧಿಯ ಹೆಸರಾಗಿ ನಿಂತಿದೆ.

ಇವುಗಳಲ್ಲಿ ‘ಶಕ್ತಿ’ಯೇ ಅತ್ಯಂತ ಸೂಕ್ಷ್ಮವಾದುದು. ಬಾದಾಮಿಯ ಚಲುಕ್ಯರು ತಮ್ಮ ಶಾಸನಗಳಲ್ಲಿ ತಮ್ಮ ವಂಶದ ಶ್ರೇಯಸ್ಸು ಕಾರ್ತಿಕೇಯನ ರಕ್ಷಣೆಯಿಂದ ದೊರೆತುದೆಂದು ಹೇಳಿಕೊಂಡರು. ಆ ದೇವನ ಆಯುಧವೇ ಶಕ್ತಿ. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಜಿನಾಲಯದ ಗೋಡೆಯ ಮೇಲೆ, ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆಯಿಸಿದ ಪ್ರಶಸ್ತಿಯುಂಟಷ್ಟೆ. ಇಮ್ಮಡಿ ಪುಲಕೇಶಿಯು ಮಂತ್ರಶಕ್ತಿ, ಉತ್ಸಾಹಶಕ್ತಿಗಳ ಪ್ರಯೋಗದಿಂದ ಮಂಗಲೇಶನ ಬಲವನ್ನು ಕುಂದಿಸಿದನೆಂದು ಅದರಲ್ಲಿದೆ. ಇಲ್ಲಿ ರಾಜನೀತಿಯ ಅರ್ಥವೇ ಪ್ರಧಾನವೆಂಬುದು ನಿರ್ವಿವಾದ. ಶ್ಲೇಷೆಯೇ ಕವಿಯ ಉದ್ದೇಶವೆಂದು ಸಾಧಿಸಹೊರಡುವುದು ಅತಿರೇಕವಾದೀತು. ಆದರೂ ‘ಪ್ರಯೋಗ’ವೆಂಬುದು ಅಸ್ತ್ರವನ್ನು ಬಿಡುವುದಕ್ಕೂ ಸಲ್ಲುವ ಮಾತು. ಕಾಳಿದಾಸ, ಭಾರವಿಗಳೊಡನೆ ತನ್ನನ್ನು ಹೋಲಿಸಿಕೊಂಡ ಕವಿಯು, ಸ್ಕಂದಭಕ್ತರಾದ ಅರಸರ ಮುಂದೆ ಈ ಎರಡು ಪದಗಳನ್ನು ಕೂಡಿಸಿದಾಗ, ಕೇಳಿದವರ ಕಿವಿಯಲ್ಲಿ ಆಯುಧದ ಧ್ವನಿಯೂ ಮಿಡಿದಿರಬೇಕೆಂದು ಊಹಿಸುವುದು ಅನುಚಿತವಲ್ಲ. ‘ಬಲ’ ಎಂದಷ್ಟೇ ಬರೆದ ಟಿಪ್ಪಣಿಯು ಈ ಊಹೆಗೆ ಎಡೆಯನ್ನೇ ಕೊಡದು.

ಭಾರತಕಥೆಯಲ್ಲಿಯೂ ಹೀಗೆಯೇ. ಕವಚಕುಂಡಲಗಳನ್ನಿತ್ತು ಕರ್ಣನು ಇಂದ್ರನಿಂದ ಪಡೆದ ಶಕ್ತಿಯನ್ನು ಒಮ್ಮೆ ಮಾತ್ರವೇ ಬಿಡಬಹುದಾಗಿದ್ದಿತು. ಅರ್ಜುನನಿಗಾಗಿ ಕಾದಿರಿಸಿದ ಅದು ಘಟೋತ್ಕಚನ ಮೇಲೆ ವೆಚ್ಚವಾಯಿತು. ಕರ್ಣನ ಶಕ್ತಿ ತೀರಿತೆಂಬ ಮಾತು ಆಗ ಎರಡರ್ಥದಲ್ಲಿಯೂ ಸತ್ಯ. ‘ಈಟಿ’ ಎಂದರೆ ಒಂದರ್ಥ ಹೋಯಿತು, ‘ಸಾಮರ್ಥ್ಯ’ ಎಂದರೆ ಇನ್ನೊಂದು ಹೋಯಿತು.

ಆದುದರಿಂದ ಟಿಪ್ಪಣಿಕಾರರು ಮೊದಲು ಕ್ರಿಯಾಪದವನ್ನು ನೋಡತಕ್ಕದ್ದು. ಇರಿದನೋ, ತಿವಿದನೋ, ಇಟ್ಟನೋ, ಎಸೆದನೋ? ಕೈಯಲ್ಲಿ ಹಿಡಿದು ಚುಚ್ಚುವ ಆಯುಧ ಯಾವುದು, ದೂರಕ್ಕೆ ಬಿಡುವುದು ಯಾವುದು ಎಂಬುದು ಬಹುಮಟ್ಟಿಗೆ ಅಲ್ಲಿಯೇ ತಿಳಿಯುವುದು. ಅನಂತರ ಆಯುಧವನ್ನು ಹಿಡಿದವರು ಯಾರೆಂಬುದನ್ನು ವಿಚಾರಿಸಬೇಕು. ಬಾದಾಮಿಯ ಒಂದನೆಯ ಗುಹೆಯಲ್ಲಿ ಮಹಿಷನನ್ನು ಮರ್ದಿಸುವ ದೇವಿಯ ತ್ರಿಶೂಲವನ್ನು ಕಂಡವರು ಅದನ್ನು ಕಾಲಾಳಿನ ಈಟಿಯೊಡನೆ ಒಂದೇ ಸಾಲಿನಲ್ಲಿ ಬರೆಯಲಾರರು. ಪದಕೋಶವು ಇಷ್ಟನ್ನು ತಿಳಿಸದಿದ್ದರೆ ಶಿಲ್ಪವನ್ನಾದರೂ ನೋಡಿ ಅರ್ಥವನ್ನು ಬರೆಯುವುದು ವಿಹಿತ.