ಸ್ಲ್ಯಾಬಿನ ನೆತ್ತಿಯ ಶೀಟು

ಕಾರವಾರದ ಬಳಿ, ಕಾಳಿ ನದಿಯ ದಂಡೆಯ ಕದ್ವಾಡದಿಂದ ಅಂಕೋಲೆಯವರೆಗೆ ಒಂದು ನೋಟ ಮತ್ತೆಮತ್ತೆ ಎದುರಾಗುತ್ತದೆ: ಆರ್‌ಸಿಸಿ ಮನೆ, ಅದರ ತಾರಸಿಯ ಮೇಲೆ ಕಬ್ಬಿಣದ ಪೈಪು, ಪೈಪಿನ ಮೇಲೆ ಶೀಟು. ಹವಾಮಾನಕ್ಕೆ ಒಗ್ಗುವ ಮನೆಗಳ ಬಗ್ಗೆ ಬರೆಯುವವರು ಇದಕ್ಕೆ ಮೂಗು ಮುರಿಯುತ್ತಾರೆ. ಅವರಿಗೆ ಚಿರೇಕಲ್ಲು, ಹಂಚು, ಜಗುಲಿಯೇ ಆಗಬೇಕು. ಆದರೆ ಇಲ್ಲಿನ ಕಾಂಕ್ರೀಟ್ ಮನೆ ಮಳೆ-ಬಿಸಿಲಿಗೆ ಕೊಟ್ಟ ಅತ್ಯಂತ ಜಾಣ ಉತ್ತರ ಆ ಶೀಟೇ.

ಹಂಚೇನು ಅನಾದಿಯೇ? ಮಂಗಳೂರು ಹಂಚು ಬಾಸೆಲ್ ಮಿಶನ್ನಿನವರು 1865ರಲ್ಲಿ ತೆರೆದ ಕಾರ್ಖಾನೆಯ ಸರಕು. ಚೆನ್ನಾಗಿ ಉಸಿರಾಡುತ್ತದೆ, ಒಪ್ಪೋಣ. ಮಳೆಗೆ ಮುಂಚೆ ಮಾಡು ಹತ್ತಿ ಕೈಯಾಡಿಸುವವರು ಸಿಗಬೇಕಲ್ಲ!

ಶೀಟು ಬಂದದ್ದು ಸೋರಿಕೆಗೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ಹೆಚ್ಚಾಗಿ ನಾಲ್ಕೇ ತಿಂಗಳಲ್ಲಿ. ಚಪ್ಪಟೆ ಸ್ಲ್ಯಾಬಿನ ಬಿರುಕಿಗಿಳಿದ ನೀರು, ಉಪ್ಪುಗಾಳಿ ಎರಡೂ ಸೇರಿ ಒಳಗಿನ ಸರಳನ್ನು ತಿನ್ನುತ್ತವೆ. ಆದರೆ ಸೋರಿಕೆಗೆ ಹಾಕಿದ ಮದ್ದು ಸೆಕೆಗೂ ನಾಟಿತು. ಬಯಲುಸೀಮೆಯ ದಪ್ಪ ಮಾಡು ಹಗಲ ಕಾವನ್ನು ಹಿಡಿದಿಟ್ಟುಕೊಂಡರೂ ರಾತ್ರಿಯ ತಂಪಿಗೆ ಆರುತ್ತದೆ. ಕಾರವಾರದಲ್ಲಿ ಹಗಲಿಗೂ ರಾತ್ರಿಗೂ ಅಂಥ ಅಂತರವಿಲ್ಲ. ಮೇ ತಿಂಗಳಲ್ಲಿ ಬರಿಯ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಮಲಗಿದವರ ಮೇಲೆ ಕಕ್ಕುತ್ತದೆ. ಇಲ್ಲಿ ಬೇಕಾದದ್ದು ನೆರಳು ಮತ್ತು ಗಾಳಿ. ಶೀಟು ಬಿಸಿಲನ್ನು ತಾನು ಹೊರುತ್ತದೆ, ನಡುವೆ ಬೀಸುವ ಕಡಲಗಾಳಿ ಕಾವನ್ನು ಒಯ್ಯುತ್ತದೆ. ತಗಡಿನ ಮೇಲೆ ಜಡಿಮಳೆ ಬಡಿದರೂ ಸ್ಲ್ಯಾಬಿನ ಕೆಳಗೆ ಮಾತು ಕೇಳುತ್ತದೆ. ಜುಲೈಯಲ್ಲಿ ಬಟ್ಟೆ ಒಣಗುವುದೂ ಅಲ್ಲೇ.

ದೋಷಗಳಿಲ್ಲವೆಂದಲ್ಲ. ತೀರ ತಗ್ಗಿನ ಶೀಟು ತಾನೇ ಕಾದು ಸ್ಲ್ಯಾಬನ್ನೂ ಕಾಯಿಸುತ್ತದೆ. ತೀರ ಎತ್ತರವಾದರೆ ಇರಚಲು ಒಳಗೆ. ಬದಿಗಳನ್ನು ಮುಚ್ಚಿ ಕೋಣೆ ಮಾಡಿದರಂತೂ ಗಾಳಿಯ ಕತೆ ಮುಗಿದಂತೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಂಥ ಗಾಳಿಗೆ ಸಡಿಲ ಬೋಲ್ಟು ತಡೆಯದು.

ಟೀಕಾಕಾರರ ದೇವರು ವಾಸ್ತುಶಿಲ್ಪಿ ಲಾರಿ ಬೇಕರ್. ತಿರುವನಂತಪುರದಲ್ಲಿ ಅವರು ಗಾಳಿಗೆ ತೂತು ಬಿಟ್ಟು ಕಟ್ಟಿದ ಇಟ್ಟಿಗೆ ಜಾಲಿ ದೊಡ್ಡ ಸಾಧನೆಯೇ. ಅದನ್ನೇ ನಕಲು ಮಾಡಿ ಕಾರವಾರದ ಪಡುಗೋಡೆಗೆ, ಸೂರನ್ನೂ ಚಾಚದೆ, ಇಟ್ಟರೆ ಜೂನಿನಲ್ಲಿ ಹಾಸಿಗೆ ಒದ್ದೆ. ಊರೂರಿನ ಗಾಳಿ-ಮಳೆ ನೋಡಿ ಕಟ್ಟಿ ಎಂದ ಬೇಕರ್ ಅವರನ್ನು ಓದಿದ ರೀತಿಯೇ ಇದು? ಹಸಿರು ಪ್ರಮಾಣಪತ್ರದವರು ಇನ್ನೊಂದು ಬಗೆ. ಮನೆಗಳ ಇಂಧನ ಉಳಿತಾಯಕ್ಕೆಂದು ಬಂದ 2018ರ ಇಕೋ ನಿವಾಸ್ ಸಂಹಿತೆ ಮಾಡಿನ ಮೂಲಕ ಶಾಖ ದಾಟುವುದಕ್ಕೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 1.2 ವ್ಯಾಟಿನ ಮಿತಿ ಹಾಕಿತು. ಬರಿಯ ಸ್ಲ್ಯಾಬು ಅದರ ಎರಡು ಪಟ್ಟನ್ನೂ ಮೀರುತ್ತದೆ. ಅದನ್ನು ಇಳಿಸಲು ಅವರು ಫೋಮಿನ ಹಾಳೆ ಹುಡುಕುತ್ತಾರೆ, ನೆತ್ತಿಯ ಮೇಲಿನ ನೆರಳನ್ನು ನೋಡುವುದಿಲ್ಲ.

ಮನೆಯ ನಕ್ಷೆಯಲ್ಲೂ ಶೀಟಿಗೆ ಗೆರೆಯಿರುವುದು ಅಪರೂಪ. ಗೃಹಪ್ರವೇಶವಾಗಿ ಎರಡು ಮಳೆಗಾಲ ಕಳೆದ ಮೇಲೆ ವೆಲ್ಡಿಂಗ್ ಅಂಗಡಿಯವ ಟೇಪು ಹಿಡಿದು ಬರುತ್ತಾನೆ. ಪಡುವಣ ಸೂರು ಎಷ್ಟು ಇಳಿಯಬೇಕು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ.