ಅಲೆಗೆ ತಕ್ಕ ಆಕಾರ ಯಾವುದು?

ಕಡಲಿನ ಅಲೆಯಿಂದ ವಿದ್ಯುತ್ ತೆಗೆಯಲು ಜನ ಕಟ್ಟಿದ ಯಂತ್ರಗಳು ಹಲವು. ಆಕಾರದ ಮಾತು ಬಂದಾಗ ಮಾತ್ರ ಎಡಿನ್‌ಬರೋದ ಸ್ಟೀಫನ್ ಸಾಲ್ಟರ್ ಅವರ ‘ಬಾತುಕೋಳಿ’ಯನ್ನು ಮೊದಲು ನೋಡಬೇಕು. 1973ರ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಹುಟ್ಟಿದ ಈ ವಿನ್ಯಾಸ 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಲೆಯ ಅಡಿಯಲ್ಲಿ ನೀರು ಸುತ್ತು ಹಾಕುತ್ತಿರುತ್ತದೆ. ಆಳಕ್ಕೆ ಹೋದಷ್ಟೂ ಆ ಸುತ್ತು ಕಿರಿದಾಗುತ್ತದೆ. ಸಾಲ್ಟರ್ ಯಂತ್ರದ ಮುಂಬದಿಯ ಕೊಕ್ಕನ್ನು ಈ ಚಲನೆಗೆ ಹೊಂದುವಂತೆ ಬಾಗಿಸಿದರು. ಬೆನ್ನನ್ನು ಮಾತ್ರ, ತಿರುಗುವ ಅಕ್ಷವೇ ಕೇಂದ್ರವಾಗುವಂತೆ ದುಂಡಗೆ ಬಿಟ್ಟರು. ಕೊಕ್ಕು ಎಷ್ಟೇ ತೂಗಾಡಲಿ, ದುಂಡು ಬೆನ್ನು ಹಿಂದಿನ ನೀರನ್ನು ತಳ್ಳುವುದಿಲ್ಲ, ಅಲ್ಲಿ ಹೊಸ ಅಲೆ ಏಳುವುದಿಲ್ಲ. ಹಿಂದೆ ಮುಂದೆ ಒಂದೇ ತೆರನಾಗಿರುವ ತೇಲುಬುರುಡೆ ಬರೀ ಮೇಲೆ ಕೆಳಗೆ ಆಡಿದರೆ, ಪ್ರಯೋಗಾಲಯದ ಇಕ್ಕಟ್ಟಾದ ತೊಟ್ಟಿಯಲ್ಲಿ ಅಲೆಯ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಹೀರಲಾರದು. ಅಂಥ ತೊಟ್ಟಿಯಲ್ಲೇ ಬಾತುಕೋಳಿ ಸುಮಾರು ಶೇ 90ರಷ್ಟನ್ನು ಹೀರಿತು. ಬರೀ ಆಕಾರದಿಂದ ಇಷ್ಟು ಸಾಧಿಸಿದ್ದು ಅಪ್ಪಟ ಪ್ರತಿಭೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ತೊಟ್ಟಿಯ ಅಲೆ ಒಂದೇ ದಿಕ್ಕಿನಿಂದ, ಒಂದೇ ಲಯದಲ್ಲಿ ಬರುತ್ತದೆ. ಕಡಲು ಹಾಗಲ್ಲ. ಪೂರ್ಣ ಗಾತ್ರದ ಬಾತುಕೋಳಿ ಕೊನೆಗೂ ಕಡಲಿಗಿಳಿಯಲಿಲ್ಲ.

ಇವತ್ತು ಕಂಪ್ಯೂಟರು ಸಾವಿರಾರು ಆಕಾರಗಳನ್ನು ಹುಟ್ಟುಹಾಕಿ, ಸೋತವನ್ನು ಕೈಬಿಟ್ಟು, ಗೆದ್ದವನ್ನು ಬೆರೆಸಿ ಇನ್ನೂ ಉತ್ತಮವಾದದ್ದನ್ನು ಹುಡುಕುತ್ತದೆ. ವಿಧಾನದ ಬಗ್ಗೆ ನನಗೆ ತಕರಾರಿಲ್ಲ, ಅದಕ್ಕೆ ಕೊಡುವ ಗುರಿಯ ಬಗ್ಗೆ ಇದೆ. ‘ಅತಿ ಹೆಚ್ಚು ಶಕ್ತಿ’ ಎಂದಷ್ಟೇ ಕೇಳಿದರೆ ಯಂತ್ರ ದೊಡ್ಡದಾಗುತ್ತಲೇ ಹೋಗುತ್ತದೆ, ಇಲ್ಲವೇ ಉಕ್ಕಿನ ತಗಡಿನಲ್ಲಿ ಬಾಗಿಸಲಾಗದ ಡೊಂಕುಗಳು ಮೂಡುತ್ತವೆ. ಲೆಕ್ಕಾಚಾರದ ಬುಡದಲ್ಲಿರುವ ಸಮೀಕರಣಗಳೂ ಬಹುಪಾಲು ಸಣ್ಣ ಅಲೆಗಳಿಗೆ ಒಪ್ಪುವಂಥವು. ಯಂತ್ರ ಮುರಿಯುವುದು ಬಿರುಗಾಳಿಯ ಅಲೆಯಲ್ಲಿ.

ಬರೀ ಶಕ್ತಿಯ ಗುರಿ ಸಾಲದು ಎಂಬುದನ್ನೇ ನಮ್ಮ ದೇಶದ ಅನುಭವವೂ ಹೇಳುತ್ತದೆ. ಐಐಟಿ ಮದ್ರಾಸ್‌ನವರು 1991ರಲ್ಲಿ ಕೇರಳದ ವಿಳಿಂಜಂನಲ್ಲಿ ಅಲೆ ವಿದ್ಯುತ್ ಸ್ಥಾವರ ನಿಲ್ಲಿಸಿದರು. ಅಲೆ ಒಳನುಗ್ಗಿದಾಗ ಕಾಂಕ್ರೀಟ್ ಕೋಣೆಯ ಗಾಳಿ ಮೇಲಕ್ಕೊತ್ತಿ ಟರ್ಬೈನ್ ತಿರುಗಿಸುತ್ತಿತ್ತು. ಕೋಣೆಯ ಬಾಯಿಂದ ಎರಡು ಗೋಡೆಗಳನ್ನು ಕಡಲಿನ ಕಡೆಗೆ ಚಾಚಿ ಅಲೆಯನ್ನು ಒಳಗೆ ಸೆಳೆದದ್ದು ಜಾಣ ಉಪಾಯ. ಆದರೆ 150 ಕಿಲೋವಾಟ್ ಸಾಮರ್ಥ್ಯಕ್ಕೆ ಸುಮಾರು 3000 ಟನ್ ತೂಕದ ಕಟ್ಟಡ! ಕಿಲೋವಾಟಿಗೆ 20 ಟನ್. ಮಳೆಗಾಲದ ಅಬ್ಬರ ಕಳೆದ ಮೇಲೆ ಆ ಸಾಮರ್ಥ್ಯಕ್ಕೆ ತಕ್ಕ ಅಲೆಯೂ ಸಿಗದು.

ಹಾಗಾಗಿ ಆಕಾರವನ್ನು ಅಳೆಯಬೇಕಾದದ್ದು ವರ್ಷವಿಡೀ ಪ್ರತಿ ಟನ್ನಿಗೆ ಎಷ್ಟು ಯೂನಿಟ್ ಕೊಟ್ಟಿತು ಎಂಬುದರಿಂದ. ಈ ಕ್ಷೇತ್ರದಲ್ಲಿ ದುಡಿಯುವ ಯುವ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಹೊಸ ಆಕಾರದ ದಕ್ಷತೆಯ ಪಕ್ಕದಲ್ಲೇ ಅದರ ತೂಕವನ್ನೂ, ಬಿರುಗಾಳಿಯಲ್ಲಿ ಅದರ ಮೇಲೆ ಬೀಳುವ ಹೊಡೆತವನ್ನೂ ಬರೆಯಿರಿ.