ಸುರಪುರದಿಂದ ಗಜಲಿನವರೆಗೆ

ಸುರಪುರ ಸಂಸ್ಥಾನದ ಪತನವನ್ನು ಕುರಿತು ಹೆಚ್ಚು ಹೆಸರಾದ ಬರಹ ಕನ್ನಡದ್ದಲ್ಲ. ಈ ಬೇಡ ನಾಯಕರ ರಾಜ್ಯ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಕೈಸೇರಿತು. ಅದರ ಕಥೆ ಲೋಕಕ್ಕೆ ತಿಳಿದದ್ದು ಫಿಲಿಪ್ ಮೆಡೋಸ್ ಟೇಲರನ ಇಂಗ್ಲಿಷ್ ಆತ್ಮಕಥೆಯಿಂದ. ಅದು ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಇದೇ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ.

ಟೇಲರ್ ಕಾದಂಬರಿಕಾರನೂ ಹೌದು. ಆತ್ಮಕಥೆಯಲ್ಲೂ ಆ ಕೈಚಳಕ ಬಿಟ್ಟಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ರಾಜನಿಗೆ ಸಾವೆಂದು ಜಾತಕ ಹೇಳಿತ್ತಂತೆ. ದಂಗೆಯೆದ್ದು ಸೆರೆಸಿಕ್ಕ ಅವನಿಗೆ ವಿಧಿಸಿದ ಮರಣದಂಡನೆ ಜೀವಾವಧಿಗೆ, ಅಲ್ಲಿಂದ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೆ ಸೆರೆಗೆ ಹೋಗುವ ದಾರಿಯಲ್ಲೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ, ರಾಜನ ಪ್ರಾಣ ಹೋಯಿತು. ಟೇಲರ್ ಇದನ್ನು ಆತ್ಮಹತ್ಯೆಯೆಂದು ಬರೆದ. ಕೊಲೆಯೆಂದೇ ನಂಬುವವರು ಸುರಪುರದಲ್ಲಿದ್ದಾರೆ. ಪುಸ್ತಕದೊಳಗೆ ಮಾತ್ರ ಜಾತಕವೇ ಗೆಲ್ಲುತ್ತದೆ, ದಂಗೆಯ ಕಾರಣಗಳು ಹಿಂದೆ ಸರಿಯುತ್ತವೆ. ಸುರಪುರದ ಕಥೆಗೆ ಬೇರೆ ಭಾಷೆಯ ಮೊರೆಹೋಗಬೇಕಾದದ್ದು ಹೊಸದೇನೂ ಅಲ್ಲ. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ಇದೇ ನಾಯಕರ ವಾಗಿನಗೇರಾ ಕೋಟೆಯನ್ನು ಮುತ್ತಿದ ವೃತ್ತಾಂತಕ್ಕೂ ಪಾರಸಿಯ 'ಮಾಸಿರ್-ಇ-ಆಲಂಗೀರಿ'ಯನ್ನೇ ತೆರೆಯಬೇಕು.

ಅದೇ ದಂಗೆಯ ದಿನಗಳಲ್ಲಿ ಕನ್ನಡ ಸುಮ್ಮನಿರಲಿಲ್ಲ. ಅದು ಕಾಗದದ ಮೇಲಿರಲಿಲ್ಲ, ಅಷ್ಟೇ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಂ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಊರಿಗೆ ಬೆಂಕಿಯಿಟ್ಟಿತು. ಈ ಘಟನೆಯನ್ನು ಹಾಡಿದ ಕನ್ನಡ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ. ಅದರ ಜೀವಾಳ ಕಾಳಗದ ವರ್ಣನೆಯಲ್ಲಿಲ್ಲ, ಲೂಟಿಯ ಯಾದಿಯಲ್ಲಿದೆ. ಕೊಡಲಿ, ಕುಡಗಳಿಂದ ಹಿಡಿದು ಬೆಲ್ಲ, ಜೀರಿಗೆ, ಬೆಣ್ಣೆಯವರೆಗೆ, ಕೊನೆಗೆ ತಾಳಿಯನ್ನೂ ಬೀಸುವ ಕಲ್ಲನ್ನೂ ಬಿಡದೆ ದೋಚಿದ್ದನ್ನು ಹಾಡುಗಾರ ಎಣಿಸುತ್ತಾನೆ. ಸರ್ಕಾರಿ ವರದಿಗೆ ಜೀರಿಗೆಯ ಲೆಕ್ಕ ಬೇಕಿರಲಿಲ್ಲ. ಸಾಲು ಬೆಳೆದಂತೆ ಸಿಟ್ಟು ಏರುತ್ತದೆ, ಆದರೆ 'ಸಿಟ್ಟು' ಎಂಬ ಮಾತೇ ಬೇಕಾಗುವುದಿಲ್ಲ. ಹೊಸ ಸಾಹಿತ್ಯವನ್ನು ನವೋದಯದಿಂದಲೇ ಎಣಿಸುವ ಚರಿತ್ರೆಕಾರರು ಇಂಥ ರಚನೆಯನ್ನು ಜಾನಪದವೆಂದು ಬದಿಗಿಟ್ಟು ಕೈತೊಳೆದುಕೊಂಡರು. ಇಸವಿ ಹಚ್ಚಬಹುದಾದ ಘಟನೆ, ಹೆಸರಿರುವ ಊರು, ಎದುರಿಗೊಬ್ಬ ಶತ್ರು, ಎಲ್ಲವೂ ಇರುವ ಕೃತಿ ಕಾಲಾತೀತ ಜನಪದ ಹಾಡು ಹೇಗಾದೀತು? ಅದು ತನ್ನ ಕಾಲದ ರಾಜಕೀಯ ಕಾವ್ಯ.

ಸುರಪುರ ಮುಂದೆ ನಿಜಾಮರ ಪಾಲಾಯಿತು. 1884ರಿಂದ ಆಡಳಿತ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ನೌಕರಿ ಬೇಕೆಂದರೆ ಕನ್ನಡ ಮನೆಯ ಹುಡುಗ ಉರ್ದು ಕಲಿಯಬೇಕಿತ್ತು. ಆದರೂ 1928ರಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷತೆಯ ಕಲಬುರಗಿ ಕನ್ನಡ ಸಾಹಿತ್ಯ ಸಮ್ಮೇಳನ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯ ರಾಯಚೂರು ಸಮ್ಮೇಳನ ನಡೆದದ್ದು ಈ ಆಳ್ವಿಕೆಯಲ್ಲೇ. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ ನಿಜಾಮಶಾಹಿಯನ್ನು ಮುಗಿಸಿತು. ಮರುವರ್ಷವೇ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಮತ್ತೆ ಸಮ್ಮೇಳನ ಸೇರಿತು.

ನಿಜಾಮಶಾಹಿಯ ಕೊನೆಯ ದಿನಗಳ ರಜಾಕಾರರ ಹಾವಳಿಯ ಮೇಲೆ ಮಹಾಕಾದಂಬರಿ ಬರಲಿಲ್ಲವೆಂಬುದು ವಿಮರ್ಶಕರ ಹಳೆಯ ರಾಗ. ಆ ಕೊರಗಿಗಿಂತ ಸ್ವಾರಸ್ಯವಾದದ್ದು ಬೇರೆ ಕಡೆ ನಡೆದಿದೆ. ರಾಯಚೂರು ಜಿಲ್ಲೆಯ ಹೆಂಬೇರಾಳದಲ್ಲಿ 1924ರಲ್ಲಿ ಹುಟ್ಟಿದ ಶಾಂತರಸರಿಗೆ ಉರ್ದು ಕರಗತವಾಗಿತ್ತು. ಉರ್ದು ಕಾದಂಬರಿ 'ಉಮ್ರಾವ್ ಜಾನ್ ಅದಾ'ವನ್ನು ಅವರು ಕನ್ನಡಕ್ಕೆ ತಂದರು. ಕನ್ನಡದಲ್ಲಿ ಗಜಲಿಗೆ ದಾರಿ ಮಾಡಿದವರೂ ಅವರೇ. ಮಗಳು ಎಚ್.ಎಸ್. ಮುಕ್ತಾಯಕ್ಕನವರಿಂದ ಅದು ಇನ್ನಷ್ಟು ಬೆಳೆಯಿತು. ದೊರೆತನ ಹೇರಿದ ಭಾಷೆಯಿಂದ, ದೊರೆತನ ಹೋದ ಮೇಲೆ, ಕಾವ್ಯಪ್ರಕಾರವೊಂದು ಹೀಗೆ ದಕ್ಕಿತು. ಈಗ ರಾಯಚೂರು, ಯಾದಗಿರಿ, ಕಲಬುರಗಿಗಳಲ್ಲಿ ಗಜಲ್ ಬರೆಯುವವರಿಗೆ ಬರವಿಲ್ಲ. ಸಾಲಿನ ಕೊನೆಗೆ ಮರುಕಳಿಸುವ ರದೀಫನ್ನು ಬಿಗಿಯಾಗಿ ಹಿಡಿದು, ಅದರ ಹಿಂದಿನ ಪ್ರಾಸವಾದ ಕಾಫಿಯಾವನ್ನು ಕೈಬಿಡುವವರೂ ಅವರಲ್ಲಿ ಸಾಕಷ್ಟಿದ್ದಾರೆ.